ಗುರುಪಾದಯ್ಯನವರು ಹೊತ್ತ ನೀರು

ಸ್ಯಾನಿಟರಿ ಇನ್ಸ್‌ಪೆಕ್ಟರನನ್ನು ಕಂಡರೆ ಯಾರೂ ಬಾ, ಕೂತುಕೋ ಎನ್ನುವುದಿಲ್ಲ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗೆ ಮೊದಲು ಹೇಳಬೇಕಾದದ್ದು ಇದೇ. ನೀವು ಓಣಿಯ ತಿರುವಿನಲ್ಲಿ ಕಂಡ ಕೂಡಲೇ ಹೋಟೆಲಿನವನು ಭಜಿ ತಾಟಿಗೆ ಅರಿವೆ ಮುಚ್ಚುತ್ತಾನೆ, ಹಾಲಿನವನು ಬೇರೆ ದಾರಿ ಹಿಡಿಯುತ್ತಾನೆ, ಗಟಾರದ ಮೇಲೆ ಕಟ್ಟೆ ಕಟ್ಟಿಸಿಕೊಂಡವನು ಮನೆಯಲ್ಲಿ ಇಲ್ಲ ಎಂದು ಒಳಗಿನಿಂದ ತಾನೇ ಹೇಳುತ್ತಾನೆ. ಬೇನೆ ಬಂದಾಗ ಮಾತ್ರ ಇದೇ ಮಂದಿ ನಿಮ್ಮ ಕದ ತಟ್ಟುತ್ತಾರೆ. ಅದಕ್ಕೆ ಬೇಸರಪಡಬೇಡಿ. ಕದ ತಟ್ಟುವಷ್ಟು ನಂಬಿಕೆ ಉಳಿದಿದ್ದರೆ ನಿಮ್ಮ ನೌಕರಿ ಸರಿಯಾಗಿ ನಡೆದಿದೆ ಎಂದೇ ಅರ್ಥ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಹೊರಗೆ ನಾನು ಕೆಲಸ ಮಾಡಿದ್ದು ಬಹಳ ಕಡಿಮೆ. ಬಡ್ತಿ ಯಾವಾಗ ಬಂತು, ಯಾರು ತಡೆದರು ಎಂಬ ಪುರಾಣ ಬೇಡ. ಕೆಲಸ ಹೇಗಿತ್ತು ಎಂಬುದನ್ನಷ್ಟೇ ಬರೆಯುತ್ತೇನೆ. ಬರೆಯುತ್ತ ಹೋದರೆ ಒಬ್ಬ ಹಿರಿಯರ ಮಾತೇ ಹೆಚ್ಚು ಬರುತ್ತದೆ. ಅವರು ಡಾಕ್ಟರರಲ್ಲ, ಆಫೀಸರರಲ್ಲ. ಲಗ್ನ, ವಾಸ್ತುಶಾಂತಿ ಮಾಡಿಸುವ ಅಯ್ಯನವರಾಗಿದ್ದು ಆಮೇಲೆ ಪುರಸಭೆಯ ಅಧ್ಯಕ್ಷರಾದವರು. ಹೆಸರು ಗುರುಪಾದಯ್ಯ. ಊರಿನ ಹೆಸರು ಹೇಳುವುದಿಲ್ಲ. ಭೀಮಾ ಹೊಳೆಗೆ ದೂರವಲ್ಲದ ಒಂದು ಸಣ್ಣ ಪೇಟೆ ಎಂದು ತಿಳಿದುಕೊಂಡರೆ ಸಾಕು. ಈ ಸಂಗತಿಯಲ್ಲಿ ಬರುವವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಅಲ್ಲಿ ಒಬ್ಬರ ಪಕ್ಕ ಒಬ್ಬರು ಅಂಗಡಿ ಇಟ್ಟುಕೊಂಡು ಬಾಳುತ್ತಿದ್ದಾರೆ.

ನಾನು ಸೇರಿದಾಗ ನಮ್ಮದು ಇನ್ನೂ ಮುಂಬಯಿ ರಾಜ್ಯ. ಬಾವಿಯ ನೀರು ಶುದ್ಧ ಮಾಡಲು ಆಗ ಪರಮ್ಯಾಂಗನೇಟ್ ಹಾಕುತ್ತಿದ್ದೆವು. ಸಣ್ಣ ಹರಳಿನಂಥ ಪುಡಿ, ನೀರಿಗೆ ಬಿದ್ದರೆ ಗುಲಾಬಿ ಬಣ್ಣ. ಬ್ಲೀಚಿಂಗ್ ಪೌಡರು ಬಳಕೆಗೆ ಬಂದದ್ದು ಆಮೇಲೆ. ಎಷ್ಟು ನೀರಿಗೆ ಎಷ್ಟು ಪುಡಿ ಎಂದು ತರಬೇತಿಯಲ್ಲಿ ಕಲಿತಿದ್ದೆ. ಆದರೆ ಬೇಸಿಗೆಯಲ್ಲಿ ನಮ್ಮ ಕಡೆಯ ಬಾವಿಗಳ ನೀರು ತಳ ಕಾಣುವಷ್ಟು ಇಳಿಯುತ್ತದೆ ಎಂದು ಆ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ಮೊದಲ ಬೇಸಿಗೆಯಲ್ಲೇ ಒಂದು ಮದುವೆ ಮನೆಯ ಬಾವಿಗೆ ತುಂಬಿದ ಬಾವಿಯ ಲೆಕ್ಕದಲ್ಲಿ ಪುಡಿ ಸುರಿದೆ. ಬೆಳಿಗ್ಗೆ ನೀರು ಸೇದಿದರೆ ಕೊಡದಲ್ಲಿ ಕೆನ್ನೀಲಿ ಬಣ್ಣದ ನೀರು. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಸೇರಿ ನನ್ನನ್ನು ಚಪ್ಪರದ ಕಂಬಕ್ಕೆ ಒತ್ತಿ ನಿಲ್ಲಿಸಿದರು. ಮದುವೆಗೆ ಇಟ್ಟ ನೀರಿನಲ್ಲಿ ವಿಷ ಹಾಕಿದನೆಂದು ಯಾರೋ ಕೂಗಿದರು.

ಮದುವೆ ಮಾಡಿಸಲು ಬಂದ ಅಯ್ಯನವರು, ಇದೇ ಗುರುಪಾದಯ್ಯನವರು, ಎದ್ದು ಬಂದರು. ತೆಳ್ಳಗಿನ ಆಳು, ಮೆತ್ತಗಿನ ದನಿ. ಏನು ಪುಡಿ, ಕುಡಿದರೆ ಏನಾಗುತ್ತದೆ ಎಂದು ನನ್ನನ್ನೇ ಕೇಳಿದರು. ಬಣ್ಣ ತಿಳಿಯಾಗುವವರೆಗೆ ಬೇರೆ ನೀರು ಬೆರೆಸಿದರೆ ಏನೂ ಆಗುವುದಿಲ್ಲ ಎಂದೆ. ಅವರು ಹಾಗೆಯೇ ಬೆರೆಸಿಕೊಂಡು ಒಂದು ತಂಬಿಗೆ ನೀರನ್ನು ಎಲ್ಲರೆದುರು ಕುಡಿದರು. ನಂತರ ನನ್ನ ಕಿವಿಯ ಹತ್ತಿರ ಬಂದು, ಔಷಧದ ಅಳತಿ ಕಲಿತೀರಿ, ಬಾವಿ ಅಳತೀನೂ ಕಲೀರಿ ಎಂದರು. ಮದುವೆ ಸುಸೂತ್ರವಾಗಿ ಆಯಿತು. ನಾನು ಮರುದಿನವೇ ಹಗ್ಗಕ್ಕೆ ಗಂಟು ಕಟ್ಟಿಕೊಂಡು ಊರಿನ ಎಲ್ಲ ಬಾವಿಗಳ ಆಳ ಅಳೆದೆ. ನೀವೂ ಹೊಸ ಊರಿಗೆ ಹೋದರೆ ಮೊದಲು ಈ ಕೆಲಸ ಮಾಡಿ.

ಅಯ್ಯನವರು ಅಧ್ಯಕ್ಷರಾದದ್ದು ಅವರ ಬಯಕೆಯಿಂದಲ್ಲ. ಪುರಸಭೆಯಲ್ಲಿ ಎರಡು ಪಾರ್ಟಿ ಸರಿಸಮ ಬಲದಲ್ಲಿದ್ದವು. ಒಬ್ಬರು ಇನ್ನೊಬ್ಬರ ಕೈಕೆಳಗೆ ಕೂರಲು ಒಪ್ಪಲಿಲ್ಲ. ಅಯ್ಯನವರನ್ನು ಅವರ ಓಣಿಯವರು ಒತ್ತಾಯ ಮಾಡಿ ಮೆಂಬರರನ್ನಾಗಿ ಆರಿಸಿದ್ದರು. ಎರಡೂ ಪಾರ್ಟಿಯವರ ಮನೆಯ ಮಂಗಲಕಾರ್ಯ ಮಾಡಿಸುವವರು, ಯಾರಿಗೂ ಗಟ್ಟಿಯಾಗಿ ಬಯ್ದವರಲ್ಲ. ಇವರನ್ನು ಕುರ್ಚಿಯಲ್ಲಿ ಕೂರಿಸಿದರೆ ನಾವು ಹೇಳಿದ ಕಡೆ ಸಹಿ ಹಾಕುತ್ತಾರೆ ಎಂದು ಇಬ್ಬರೂ ಲೆಕ್ಕ ಹಾಕಿದರು. ಆ ಲೆಕ್ಕ ಹಾಕಿದವರಲ್ಲಿ ಮುಖ್ಯರಾದವರು ಮಲಕಾಜಪ್ಪ ಸಾವಕಾರರು. ಜೋಳ, ತೊಗರಿಯ ಅಡತಿ ಅಂಗಡಿಯವರು. ಮಾತು ಖಡಕ್ಕು, ಕೈ ದೊಡ್ಡದು. ಅವರನ್ನು ಕೆಟ್ಟವರೆಂದು ನಾನು ಎಂದೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ.

ಅಧ್ಯಕ್ಷರಾದ ವಾರದಲ್ಲೇ ಅಯ್ಯನವರು ನನ್ನನ್ನು ಕರೆದು, ಊರು ಸ್ವಚ್ಛ ಮಾಡುವವರು ಯಾವ ಹೊತ್ತಿಗೆ ಬರುತ್ತಾರೆ ಎಂದು ಕೇಳಿದರು. ಕೋಳಿ ಕೂಗುವ ಹೊತ್ತಿಗೆ ಎಂದೆ. ಮರುದಿನ ಆ ಹೊತ್ತಿಗೆ ಅವರು ಬೀದಿಯಲ್ಲಿದ್ದರು. ಝಾಡಮಾಲಿಗಳ ಹಿಂದೆ ನಡೆದು ಊರಿನ ಒಂದೊಂದು ಗಟಾರವನ್ನೂ ನೋಡಿದರು. ಯಾವುದಕ್ಕೂ ಮೂಗು ಮುಚ್ಚಲಿಲ್ಲ, ಯಾರಿಗೂ ಉಪದೇಶ ಹೇಳಲಿಲ್ಲ. ಆ ಮಂದಿಗೆ ಕೈ ತೊಳೆಯಲು ಸಾಬೂನು ಕೊಡುವ ಪದ್ಧತಿ ಇಲ್ಲವೆಂದು ತಿಳಿದು ಅಂದೇ ತರಿಸಿದರು. ಮೇಲಿನವನು ಕೆಲಸವನ್ನು ಕಣ್ಣಾರೆ ನೋಡಿದರೆ ಅರ್ಧ ತಕರಾರು ತಾನೇ ಮುಗಿಯುತ್ತದೆ. ನನ್ನ ನೌಕರಿಯುದ್ದಕ್ಕೂ ಎಷ್ಟೋ ಮಂದಿ ಮೇಲಿನವರನ್ನು ಕಂಡೆ, ಹಾಗೆ ನೋಡಲು ಬಂದವರು ಮಾತ್ರ ಬಹಳ ಕಡಿಮೆ.

ಊರ ಹೊರಗೆ, ಹಳ್ಳದ ದಂಡೆಗೆ, ನಿಂತುಹೋದ ಹತ್ತಿಯ ಜಿನ್ ಕಾರ್ಖಾನೆ ಒಂದಿತ್ತು. ಮಾಲಕರು ಬಿಟ್ಟುಹೋಗಿ ಜಾಗ ಪುರಸಭೆಗೆ ಬಂದಿತ್ತು. ಅದರ ತಗಡಿನ ಶೆಡ್ಡಿನಲ್ಲಿ ಹೊಳೆಯ ಆಚೆಯಿಂದ ದಾಟಿ ಬಂದ ನದಾಫ ಕುಟುಂಬಗಳು ಇದ್ದವು. ಹೈದರಾಬಾದ್ ಸೀಮೆ ದೇಶದೊಳಗೆ ಸೇರಿದಾಗಿನ ಗಲಾಟೆಯಲ್ಲಿ ಮನೆ ಮಾರು ಕಳೆದುಕೊಂಡವರು. ಬಿಲ್ಲಿನಿಂದ ಅರಳೆ ಹಿಂಜಿ ಗಾದಿ ಹೊಲಿಯುವುದು ಅವರ ಕಸಬು. ಅವರ ಮಾತು ನಮ್ಮದೇ ಮಾತು, ಅವರ ಊಟ ನಮ್ಮದೇ ರೊಟ್ಟಿ, ಪುಂಡಿಪಲ್ಯ. ಆದರೂ ಊರಿನವರಿಗೆ ಅವರು ದಾಟಿ ಬಂದವರೇ. ಗಾದಿ ಹೊಲಿಸಲು ಕರೆಯುತ್ತಿದ್ದರು. ಆದರೆ ಊರೆಲ್ಲ ನೀರು ಸೇದುವ ಹಿರೇಬಾವಿಯ ನೀರು ಮುಟ್ಟಲು ಬಿಡುತ್ತಿರಲಿಲ್ಲ. ಅವರು ಹಳ್ಳದ ಉಸುಕಿನಲ್ಲಿ ವರ್ತಿ ತೋಡಿ, ಒಸರಿದ ನೀರನ್ನು ಬಟ್ಟಲಿನಿಂದ ತುಂಬಿಕೊಂಡು ಒಯ್ಯುತ್ತಿದ್ದರು. ಅವರಲ್ಲಿ ಹಸನಬಿ ಎಂಬ ಹೆಣ್ಣುಮಗಳು ಇದ್ದಳು. ಗಂಡನನ್ನು ಆಚೆ ದಡದಲ್ಲೇ ಕಳೆದುಕೊಂಡು ಬಂದವಳು. ಶೆಡ್ಡಿನ ಜಗಳ, ಬಾಣಂತನ, ಲಗ್ನ ಎಲ್ಲ ಅವಳ ಮಾತಿನಂತೆ ನಡೆಯುತ್ತಿದ್ದವು.

ಆ ವರ್ಷದ ಬೇಸಿಗೆಯಲ್ಲಿ ಕಾಲರಾ ಬಂತು.

ನೀವು ಕಾಲರಾ ನೋಡಿರಲಿಕ್ಕಿಲ್ಲ. ನೋಡದೇ ಇರಲಿ ಎಂದೇ ನಾವೆಲ್ಲ ದುಡಿದದ್ದು. ಬೆಳಿಗ್ಗೆ ಗಾದಿ ಹೊಲಿಯುತ್ತಿದ್ದ ಗಂಡಸು ಸಂಜೆಗೆ ಕಣ್ಣು ಗುಳಿಬಿದ್ದು, ಬೆರಳ ತುದಿ ಮುದುಡಿ, ದನಿಯಿಲ್ಲದೆ ನೀರು ಕೇಳುತ್ತಾನೆ. ಮೊದಲನೇ ರೋಗಿಯನ್ನು ನಾನು ನೋಡಿದ್ದು ಜಿನ್ನಿನ ಶೆಡ್ಡಿನಲ್ಲಿ. ಹಸನಬಿಯ ತಮ್ಮ. ದವಾಖಾನೆಯ ಡಾಕ್ಟರರು ಇದ್ದಬದ್ದ ಸಲೈನ್ ಎಲ್ಲ ಕೊಟ್ಟರೂ ಅವನು ಉಳಿಯಲಿಲ್ಲ. ಅದಾದ ಮೂರನೆಯ ದಿನ ಪೇಟೆಯೊಳಗೆ, ಮಲಕಾಜಪ್ಪ ಸಾವಕಾರರ ಮನೆಯಲ್ಲಿ, ಅವರ ತಮ್ಮನ ಹೆಂಡತಿಗೆ ಬಂತು. ಎರಡು ಸಣ್ಣ ಮಕ್ಕಳ ತಾಯಿ. ಅವಳೂ ಹೋದಳು. ಶೆಡ್ಡಿನಿಂದ ಅಲ್ಲಿಗೆ ಬೇನೆ ಹೇಗೆ ಹೋಯಿತೆಂದು ನಾನು ಹುಡುಕಾಡಿದೆ. ಹಳ್ಳದಲ್ಲಿ ಅವರ ಮನೆಯ ಅರಿವೆ ಒಗೆಯುತ್ತಿದ್ದರು, ಅಲ್ಲಿಂದ ಇರಬಹುದು. ಬೇರೆ ಕಡೆಯಿಂದಲೂ ಇರಬಹುದು. ಇಂದಿಗೂ ಖಚಿತವಾಗಿ ಹೇಳಲಾರೆ.

ಊರು ಮಾತ್ರ ಖಚಿತವಾಗಿ ಹೇಳಿತು. ಬೇನೆ ತಂದವರು ಅವರು, ಅವರನ್ನು ಎಬ್ಬಿಸಿ ಓಡಿಸಬೇಕು. ಸಾವಕಾರರು ಪುರಸಭೆಯ ತುರ್ತು ಸಭೆ ಕರೆಸಿದರು. ಶೆಡ್ಡು ಆರೋಗ್ಯಕ್ಕೆ ಅಪಾಯ, ಕೂಡಲೇ ಖಾಲಿ ಮಾಡಿಸಬೇಕು ಎಂಬುದು ಗೊತ್ತುವಳಿ. ಸಭೆಯಲ್ಲಿ ಎದ್ದು ನಿಂತು ಕಂಡದ್ದನ್ನು ಹೇಳಬೇಕಾದವನು ನಾನು.

ಸಭೆಯ ಹಿಂದಿನ ದಿನ ಮಧ್ಯಾಹ್ನ ಅಯ್ಯನವರ ಮನೆಗೆ ಹೋದೆ. ಅವರು ಪಡಸಾಲೆಯಲ್ಲಿ ಕುಳಿತು ವಿಭೂತಿ ಗಟ್ಟಿಗಳನ್ನು ಅರಿವೆಯಲ್ಲಿ ಸುತ್ತಿ ಇಡುತ್ತಿದ್ದರು. ನನ್ನ ಸಂಕಟ ಹೇಳಿಕೊಂಡೆ. ಬೇನೆ ಮೊದಲು ಶೆಡ್ಡಿನಲ್ಲಿ ಕಂಡಿದ್ದು ನಿಜ. ಅದನ್ನು ಹೇಳಿದರೆ ಆ ಮಂದಿಯನ್ನು ಅಂದೇ ಹೊರಗೆ ಹಾಕುತ್ತಾರೆ. ಅವರು ಹಳ್ಳಿ ಹಳ್ಳಿ ತಿರುಗಿ ಬೇನೆಯನ್ನು ಝಳಕಿಯವರೆಗೆ ಒಯ್ಯುತ್ತಾರೆ. ಎಲ್ಲಿ ಮೊದಲು ಎಂದು ತಿಳಿಯಲಿಲ್ಲ ಅಂದುಬಿಟ್ಟರೆ ಹೇಗೆ ಎಂದು ಕೇಳಿದೆ.

ಅಯ್ಯನವರು ಕೈ ಒರೆಸಿಕೊಂಡರು. "ಬ್ಯಾಡ ತಮ್ಮಾ. ಕಂಡದ್ದನ್ನ ಕಂಡಂಗ ಹೇಳ್ರಿ. ಸುಳ್ಳಿನ ಮ್ಯಾಲ ಅವರನ್ನ ಕೂಡಿಸಿದ್ರ, ಸುಳ್ಳು ಬಿದ್ದ ದಿನ ಅವರೂ ಬೀಳತಾರ."

ನಿಜ ಹೇಳಿದರೆ ನಾಳೆಯೇ ಬೀಳುತ್ತಾರಲ್ಲ ಎಂದೆ.

"ನಿಮ್ಮ ಕೆಲಸ ನೀವು ಮಾಡ್ರಿ. ಉಳದದ್ದು ನಂದು" ಎಂದರು. ಅಷ್ಟೇ. ಅವರು ಏನು ಮಾಡುತ್ತಾರೆಂದು ನನಗೆ ತಿಳಿಯಲಿಲ್ಲ. ಆದರೆ ಅಂದಿನಿಂದ ನಿವೃತ್ತಿಯ ತನಕ ನಾನು ಯಾವ ವರದಿಯನ್ನೂ ತಿದ್ದಿ ಬರೆದಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತೇನೆ.

ಸಭೆಯ ದಿನ ಕಟ್ಟಡದ ಹೊರಗೆ ಊರೇ ನಿಂತಿತ್ತು. ಕಿಟಕಿಯ ಸರಳುಗಳಲ್ಲಿ ಮುಖಗಳು. ಹಸನಬಿ ಮತ್ತು ಶೆಡ್ಡಿನ ಕೆಲವರು ದೂರದ ಬೇವಿನ ಮರದ ಕೆಳಗೆ ನಿಂತಿದ್ದರು. ಸಾವಕಾರರು ಎದ್ದು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಮೊದಲನೆಯ ಬೇನೆಯನ್ನು ಎಲ್ಲಿ ಕಂಡಿರಿ? ಜಿನ್ನಿನ ಶೆಡ್ಡಿನಲ್ಲಿ ಎಂದೆ. ಕಿಟಕಿಯ ಹೊರಗೆ ಗುಜುಗುಜು ಎದ್ದಿತು. ಇನ್ನೊಂದು ಮಾತಿದೆ ಎಂದು ಹೇಳಿ, ಅವರು ವರ್ತಿಯ ನೀರು ಕುಡಿಯುತ್ತಾರೆ, ಹಿರೇಬಾವಿಯ ನೀರು ಅವರಿಗೆ ಇಲ್ಲ ಎಂಬುದನ್ನೂ ಹೇಳಿ ಕುಳಿತೆ. ಆ ಎರಡನೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ.

ಸಾವಕಾರರು ಬಹಳ ಮಾತಾಡಲಿಲ್ಲ. ತಾಯಿಯಿಲ್ಲದ ಎರಡು ಮಕ್ಕಳು ತಮ್ಮ ಮನೆಯಲ್ಲಿವೆ ಎಂದರು. ಎದುರು ಪಾರ್ಟಿಯವರೂ ತಲೆ ತಗ್ಗಿಸಿದರು. ಆ ಕ್ಷಣದಲ್ಲಿ ಮತ ತೆಗೆದುಕೊಂಡಿದ್ದರೆ ಶೆಡ್ಡು ಸಂಜೆಯೊಳಗೆ ಖಾಲಿಯಾಗುತ್ತಿತ್ತು.

ಅಯ್ಯನವರು ಎದ್ದು ನಿಂತರು. ಅವರ ದನಿ ಹೊರಗಿನವರಿಗೆ ಕೇಳಿಸದಷ್ಟು ಮೆತ್ತಗಿತ್ತು. ಕೇಳಿಸಿಕೊಳ್ಳಬೇಕೆಂದೇ ಜನ ಸುಮ್ಮನಾದರು.

"ಇನಸ್ಪೆಕ್ಟರು ಖರೇ ಹೇಳ್ಯಾರ. ಬ್ಯಾನಿ ಮೊದಲ ಅಲ್ಲೇ ಬಂದೈತಿ. ಆಮ್ಯಾಲ ಸಾವಕಾರ್ರ ಮನ್ಯಾಗ ಬಂತು. ಆ ಮನಿ ಮುಂದ ನಾನೂ ನಿಂತು ಅತ್ತೇನಿ. ಅವತ್ತ ಯಾರರೆ ಸಾವಕಾರ್ರಿಗೆ ಊರ ಬಿಡ್ರಿ ಅಂದಿರೇನು? ಅನಲಿಲ್ಲ. ಅನಬಾರದು. ಬ್ಯಾನಿ ಬಂದವರನ್ನ ನೋಡಕೋತಾರ, ಹೊರಗ ಹಾಕೂದಿಲ್ಲ. ಇಲ್ಲೂ ಅದ ಸಾವು, ಅಲ್ಲೂ ಅದ ಸಾವು. ಹಸನಬಿ ಸತ್ತ ತಮ್ಮನ ಮಣ್ಣಿಗೆ ಕಳಿಸಿ ಬಂದು ನಿಂತಾಳ. ಆಕಿಗೆ ಮಾತ್ರ ಊರ ಬಿಡು ಅಂತೀವಿ."

ಒಬ್ಬ ಮೆಂಬರರು ಎದ್ದು, ಸಾವಕಾರರು ಊರಿನವರು, ಅವರು ಹೊಳೆ ದಾಟಿ ಬಂದವರು, ಎರಡೂ ಒಂದೇ ಹೇಗಾಗುತ್ತದೆ ಎಂದು ಕೇಳಿದರು.

"ಇವರು ಬರೂದಕ್ಕೂ ಮೊದಲ, ಆಚೆ ಕಡೆ ಹಾವಳಿಗೆ ಅಂಜಿ ಮಂದಿ ಹೊಳಿ ದಾಟಿ ಬಂದಿದ್ರಲ್ರಿ" ಎಂದರು ಅಯ್ಯನವರು. "ಆವಾಗ ಬಂದವರು ನಮ್ಮ ಪೈಕಿ ಇದ್ರು. ಇದ ಸಾವಕಾರ್ರು ಅಡತಿ ಅಂಗಡಿ ಜ್ವಾಳದ ಚೀಲ ಹೊರಗ ಇಡಿಸಿ ಆ ಮಂದೀನ ಒಳಗ ಮಲಗಿಸಿದ್ರು. ಅಂಥಾ ದೊಡ್ಡ ಕೆಲಸ ಈ ಊರಾಗ ಮತ್ತ ಯಾರೂ ಮಾಡಿಲ್ಲ. ಹೊಳಿ ಅದ ಐತಿ, ಹೆದರಿಕಿ ಅದ ಐತಿ. ಬಂದ ಮಂದಿ ಬ್ಯಾರೆ, ಅಷ್ಟ ಫರಕು."

ಅಯ್ಯನವರು ಉಳಿದ ಮೆಂಬರರ ಕಡೆ ತಿರುಗಿದರು.

"ನನ್ನ ಮಾತೂ ಒಂದು ಐತಿ. ಇಷ್ಟ ವರ್ಷ ನಿಮ್ಮ ಮನಿಗಳಿಗೆ ಬಂದು ದಯಾ ಧರ್ಮ ಅಂತ ಹೇಳೇನಿ. ಹೇಳಿದ್ದಕ್ಕ ನೀವು ಕೊಟ್ಟ ಜ್ವಾಳ ಉಂಡೇನಿ. ಇವತ್ತ ಆ ಮಂದೀನ ಹೊರಗ ಹಾಕಿದ್ರ ನಾ ಹೇಳಿದ್ದೆಲ್ಲಾ ಸುಳ್ಳಾಕ್ಕೈತಿ, ಉಂಡ ಜ್ವಾಳ ತಿರುಗಿ ಕೊಡಬೇಕಾಕ್ಕೈತಿ. ನನ್ನ ಹಂತ್ಯಾಕ ಅಷ್ಟ ಜ್ವಾಳ ಇಲ್ರಿ."

ಯಾರೋ ನಕ್ಕರು. ನಕ್ಕ ಮೇಲೆ ಸಭೆ ಸ್ವಲ್ಪ ಸಡಿಲವಾಯಿತು. ಮತ ತೆಗೆದುಕೊಂಡಾಗ ಎರಡೂ ಕಡೆ ಸಮ ಬಂತು. ಅಧ್ಯಕ್ಷರ ಮತದಿಂದ ಗೊತ್ತುವಳಿ ಬಿದ್ದುಹೋಯಿತು. ಮೆತ್ತಗಿನವರೆಂದು ಕುರ್ಚಿಯಲ್ಲಿ ಕೂರಿಸಿದವರ ಲೆಕ್ಕ ತಪ್ಪಿತ್ತು.

ಆದರೆ ನನ್ನ ಕೆಲಸ ಅಲ್ಲಿಗೆ ಮುಗಿಯಲಿಲ್ಲ, ಅಲ್ಲಿಂದ ಸುರುವಾಯಿತು. ಕಾಲರಾ ನಿಲ್ಲಬೇಕಾದರೆ ವರ್ತಿಗಳನ್ನು ಮುಚ್ಚಿಸಿ ಜಾಲಿಮುಳ್ಳಿನ ಬೇಲಿ ಹಾಕಿಸಬೇಕು. ಮುಚ್ಚಿದರೆ ಆ ಮಂದಿ ಏನು ಕುಡಿಯಬೇಕು? ಒಳ್ಳೆಯ ನೀರಿದ್ದದ್ದು ಹಿರೇಬಾವಿಯಲ್ಲಿ ಮಾತ್ರ. ಇದನ್ನು ಅಯ್ಯನವರಿಗೆ ಹೇಳಿದೆ. ಅವರು ಮರುದಿನ ಬೆಳಿಗ್ಗೆ ಹಸನಬಿಯನ್ನು ಕರೆದುಕೊಂಡು ಬಾವಿಗೆ ಬಂದರು. ನಾನು ಔಷಧ ಹಾಕಲೆಂದು ಅಲ್ಲೇ ಇದ್ದೆ. ಅವಳ ಕೊಡ ಹೊಸದು, ಸುಣ್ಣದ ನೀರಿನಿಂದ ತೊಳೆಸಿ ತರಿಸಿದ್ದೆ. ಅವಳು ಮೆಟ್ಟಿಲ ಮೇಲೆ ನಿಂತುಬಿಟ್ಟಳು. ನಾ ಒಲ್ಲೆ ಅಯ್ಯಾರ, ನನ್ನ ಸಲುವಾಗಿ ನಿಮಗ ಮಾತು ಬರೂದು ಬ್ಯಾಡ ಎಂದಳು. ಮಾತು ನನಗ ಬರಲಿ, ನೀರು ನಿನಗ ಬರಲಿ ಎಂದು ಅಯ್ಯನವರು ಹಗ್ಗವನ್ನು ಅವಳ ಕೈಗೆ ಕೊಟ್ಟರು. ಸುತ್ತ ನಿಂತ ಹೆಣ್ಣುಮಕ್ಕಳು ತಮ್ಮ ಕೊಡಗಳನ್ನು ಎತ್ತಿಕೊಂಡು ಹಿಂದೆ ಸರಿದರು. ಹಸನಬಿ ಸೇದಿದಳು.

ಅಷ್ಟರಲ್ಲಿ ಸುದ್ದಿ ತಿಳಿದು ಮಲಕಾಜಪ್ಪ ಸಾವಕಾರರು ಬಂದರು. ಅವರು ಕೂಗಾಡಲಿಲ್ಲ. "ಅಯ್ಯಾರ, ನೀವು ಅಧ್ಯಕ್ಷರು, ನಿಮ್ಮ ಹುಕುಂ ನಡೀಲಿ. ಇವತ್ತಿನಿಂದ ನಮ್ಮ ಮನಿಗೆ ಈ ಬಾವಿ ನೀರು ಬ್ಯಾಡ" ಎಂದರು.

"ನಿಮ್ಮ ಮನ್ಯಾಗ ಸಣ್ಣ ಕೂಸುಗಳು ಅದಾವ. ನೀರಿಲ್ದ ಹೆಂಗ?" ಎಂದು ಅಯ್ಯನವರು ಕೇಳಿದರು.

ಅದು ನಮ್ಮ ಚಿಂತೆ ಎಂದು ಸಾವಕಾರರು ಹೊರಟುಹೋದರು. ಅವರ ಹಿಂದೆ ಇನ್ನೂ ಕೆಲವು ಮನೆಯವರು ಹೊರಟರು. ಆದರೆ ಅವರಿಗೆಲ್ಲ ಹಿತ್ತಲಲ್ಲಿ ಸಣ್ಣಪುಟ್ಟ ಬಾವಿಗಳಿದ್ದವು. ಸಾವಕಾರರ ಮನೆಯಲ್ಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಇಂಡಿ ರಸ್ತೆಯ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದೆ. ಅಯ್ಯನವರು ಹೆಗಲ ಮೇಲೆ ತುಂಬಿದ ತಾಮ್ರದ ಕೊಡ ಹೊತ್ತು ನಡೆಯುತ್ತಿದ್ದರು. ಊರಿನಿಂದ ಸಾಕಷ್ಟು ದೂರದಲ್ಲಿ ಒಂದು ಹೊಲದ ಬಾವಿ ಇತ್ತು. ನಾನೇ ಔಷಧ ಹಾಕಿದ ಒಳ್ಳೆಯ ನೀರು. ಅಲ್ಲಿಂದ ಸಾವಕಾರರ ಮನೆಗೆ ಒಯ್ಯುತ್ತಿದ್ದರು. ಪುರಸಭೆಯ ನೀರಿನ ಬಂಡಿ ಕಳಿಸುತ್ತೇನೆ, ಕೊಡ ಇಳಿಸಿ ಎಂದೆ. ಅವರು ಒಪ್ಪಲಿಲ್ಲ. ಸಾವಕಾರರು ಬಾವಿ ಬಿಟ್ಟದ್ದು ತಮ್ಮಿಂದ, ಹೊರುವುದು ತಮ್ಮ ಕೆಲಸ, ಬಂಡಿ ಊರಿನದು ಎಂದರು.

ಇದರ ಅರ್ಥ ಹೊರಗಿನವರಿಗೆ ಪೂರ್ತಿ ತಿಳಿಯಲಿಕ್ಕಿಲ್ಲ. ಸಾವಕಾರರ ಮನೆಯಲ್ಲಿ ಈ ಅಯ್ಯನವರು ಬಂದರೆ ಕಾಲು ತೊಳೆದು, ಆ ನೀರನ್ನು ತೀರ್ಥವೆಂದು ತೆಗೆದುಕೊಳ್ಳುತ್ತಿದ್ದರು. ತಲೆತಲಾಂತರದಿಂದ ನಡೆದು ಬಂದದ್ದು. ಈಗ ಅದೇ ಅಯ್ಯನವರು ಕೂಲಿಯವರಂತೆ ಕೊಡ ಹೊತ್ತು ಬಂದು, ಅವರ ಅಂಗಳದ ಹಂಡೆಗೆ ನೀರು ಸುರಿದು, ಇನ್ನೊಂದು ಕೊಡಕ್ಕೆ ತಿರುಗಿ ಹೋಗುತ್ತಿದ್ದರು. ಇಡೀ ಪೇಟೆ ಬಾಗಿಲಲ್ಲಿ ನಿಂತು ನೋಡುತ್ತಿತ್ತು. ಸಾವಕಾರರು ಮೊದಲ ದಿನ ಒಳಗೇ ಕುಳಿತರು. ಮರುದಿನ ಅಂಗಡಿಗೆ ಹಿಂದಿನ ಬಾಗಿಲಿನಿಂದ ಹೋದರು. ಇದು ತಮ್ಮನ್ನು ಹಣಿಯಲು ಹೂಡಿದ ಹಂಚಿಕೆ ಎಂದು ಗೆಳೆಯರ ಎದುರು ಸಿಟ್ಟು ಮಾಡಿದರಂತೆ. ನಾನು ಅಯ್ಯನವರನ್ನೇ ಕೇಳಿದೆ, ಹಂಚಿಕೆಯೇ? ಅವರು ಸ್ವಲ್ಪ ಯೋಚಿಸಿ, ಕೂಸುಗಳು ನೀರು ಕುಡಿಯುತ್ತಿವೆಯಲ್ಲ, ಉಳಿದದ್ದಕ್ಕೆ ಏನು ಹೆಸರಿಟ್ಟರೂ ನಡೆಯುತ್ತದೆ ಎಂದರು. ಅವರ ಹೆಗಲು ಬಾತಿತ್ತು. ನಾನು ಹಚ್ಚಿದ ಅಯೊಡಿನ್‌ಗೆ ಹಲ್ಲು ಕಚ್ಚಿ, ಇದು ನಿಮ್ಮ ಕಾಲರಾ ಲಸಿಕೆಯ ಸೂಜಿಗಿಂತ ಹೆಚ್ಚು ಉರಿಯುತ್ತದೆ ಎಂದು ನಕ್ಕರು.

ಈ ನೀರು ಹೊರುವುದನ್ನು ಮುಗಿಸಿದವರು ಸಾವಕಾರರ ಹೆಂಡತಿ ಗೌರವ್ವ. ತೀರಿಹೋದ ವಾರಗಿತ್ತಿಯ ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ ಹೆಣ್ಣುಮಗಳು. ಒಂದು ಬೆಳಿಗ್ಗೆ ಅಯ್ಯನವರು ಕೊಡ ಇಳಿಸುವಷ್ಟರಲ್ಲಿ ಅವರು ಅಂಗಳಕ್ಕೆ ಬಂದು ಹಂಡೆಯ ಬಾಯಿಗೆ ಮುಚ್ಚಳ ಹಾಕಿದರು. ನಾನು ಆ ಮಕ್ಕಳಿಗೆ ಸೂಜಿ ಹಾಕಲು ಅದೇ ಕಟ್ಟೆಯ ಮೇಲೆ ಕುಳಿತಿದ್ದೆ.

"ಅಯ್ಯಾರ, ನೀವು ಹೊತ್ತ ನೀರು ನಮ್ಮ ಗಂಟಲದಾಗ ಇಳಿಯೂದಿಲ್ರಿ" ಎಂದರು. ಆಮೇಲೆ ಒಳಗಿನ ಕಡೆ ಮುಖ ತಿರುಗಿಸಿ, ಗಂಡನಿಗೆ ಕೇಳುವಂತೆ, "ಆ ಹಸನಬಿ ತಮ್ಮನ್ನ ಕಳಕೊಂಡಾಳ. ನಾ ನನ್ನ ತಂಗಿ ಹಂಗಿದ್ದಾಕೀನ ಕಳಕೊಂಡೇನಿ. ನಮ್ಮಿಬ್ಬರ ನಡುವ ಬಾವಿ ಜಗಳ ಯಾಕ ಬೇಕ್ರಿ?" ಎಂದರು.

ಗೌರವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, ಕೊಡ ತೆಗೆದುಕೊಂಡು ಹಿರೇಬಾವಿಗೆ ನಡೆದರು. ಸಾವಕಾರರ ಮನೆಯ ಹೆಣ್ಣುಮಕ್ಕಳು ತಾವೇ ನೀರಿಗೆ ಹೋದದ್ದನ್ನು ಊರು ಅಂದೇ ಮೊದಲು ಕಂಡಿದ್ದು. ಬಾವಿಯ ಹತ್ತಿರ ಹಸನಬಿ ದಾರಿ ಬಿಟ್ಟು ನಿಂತಳು. ಗೌರವ್ವ ಅವಳ ಕೈಯಿಂದ ಹಗ್ಗ ಇಸಿದುಕೊಂಡು ಸೇದಿದರು. ಮರುದಿನದಿಂದ ಬಾವಿಯ ತಕರಾರು ಮುಗಿಯಿತು. ವರ್ತಿಗಳಿಗೆ ಬೇಲಿ ಬಿತ್ತು. ಸೂಜಿ ಬೇಡವೆಂದು ಕದ ಹಾಕಿಕೊಳ್ಳುತ್ತಿದ್ದವರು ತೋಳು ಚಾಚಿದರು. ಕಾಲರಾ ಊರು ಬಿಟ್ಟಿತು, ನದಾಫರು ಬಿಡಲಿಲ್ಲ.

ಅಯ್ಯನವರು ಇದಕ್ಕೆ ಬೆಲೆ ತೆತ್ತರು. ಮಳೆಗಾಲ ಮುಗಿಯುವುದರೊಳಗೆ ಸಾವಕಾರರ ಪಾರ್ಟಿ ಅವರ ಮೇಲೆ ಅವಿಶ್ವಾಸದ ಗೊತ್ತುವಳಿ ತಂದು ಕುರ್ಚಿಯಿಂದ ಇಳಿಸಿತು. ಕೆಲವು ಮನೆಯವರು ಮಂಗಲಕಾರ್ಯಕ್ಕೆ ಬೇರೆ ಅಯ್ಯನವರನ್ನು ಕರೆಸತೊಡಗಿದರು. ಮುಂದಿನ ಚುನಾವಣೆಯಲ್ಲಿ ಸೋತರು. ಶೆಡ್ಡಿನವರ ಹೆಸರು ಮತದಾರರ ಪಟ್ಟಿಯಲ್ಲಿ ಇನ್ನೂ ಬಂದಿರಲಿಲ್ಲ, ಅವರಿಂದ ಒಂದು ಮತವೂ ಸಿಗುವಂತಿರಲಿಲ್ಲ. ಅದನ್ನು ತಿಳಿದೇ ಅಯ್ಯನವರು ಅವರ ಪರ ನಿಂತಿದ್ದರು. ಸೋತ ದಿನ ನಾನು ಮನೆಗೆ ಹೋದರೆ ಹೊಟ್ಟೆ ತುಂಬ ಊಟ ಮಾಡಿ ಮಲಗಿದ್ದರು. ಎಬ್ಬಿಸಲಿಲ್ಲ, ತಿರುಗಿ ಬಂದೆ.

ಕನ್ನಡ ನಾಡು ಒಂದಾದ ಮೇಲೆ ನಾನು ಪುರಸಭೆ ಬಿಟ್ಟು ಆರೋಗ್ಯ ಖಾತೆಗೆ ಬಂದೆ. ಮುದ್ದೇಬಿಹಾಳದ ಕಡೆ, ಬಾಗೇವಾಡಿಯ ಕಡೆ ತಿರುಗಿದೆ. ಮೈಸೂರು ಸೀಮೆಯಿಂದ ಒಬ್ಬ ಹೆಲ್ತ್ ಆಫೀಸರರು ಬಂದರು. ಬಲು ಒಳ್ಳೆಯವರು, ನಮ್ಮ ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಒಂದು ಹಳ್ಳಿಯಲ್ಲಿ ಗೌಡರು ಬಂದು, ಮನೆಮಂದಿಗೆಲ್ಲ ಜಡ್ಡು ಎಂದರು. ಬೇನೆ ಎಂಬ ಅರ್ಥದಲ್ಲಿ ಹೇಳಿದ್ದು. ಆಫೀಸರರು ಜಿಡ್ಡು ಎಂದು ತಿಳಿದು, ಸೀಗೆಕಾಯಿ ಹಾಕಿ ಬಿಸಿನೀರಿನಲ್ಲಿ ತಿಕ್ಕಿಕೊಳ್ಳಿ ಎಂದು ಸಲಹೆ ಕೊಟ್ಟರು. ಗೌಡರು ನನ್ನ ಮುಖ ನೋಡಿದರು. ನಾನು ಆಫೀಸರರನ್ನು ಪಕ್ಕಕ್ಕೆ ಕರೆದು ತಿಳಿಸಿದೆ. ಅವರು ಆ ದಿನವೇ ಒಂದು ಕಾಗದ ತೆಗೆದು ನಮ್ಮ ಮಾತುಗಳನ್ನು ಬರೆದುಕೊಳ್ಳಲು ಸುರುಮಾಡಿದರು. ದೊಡ್ಡವರಾಗಿ ಕಲಿಯಲು ನಾಚದವರನ್ನು ನಾನು ಬಹಳ ಗೌರವಿಸುತ್ತೇನೆ.

ಇಂಗಳೇಶ್ವರದ ಹತ್ತಿರ ಮಲೇರಿಯಾಕ್ಕೆ ಡಿಡಿಟಿ ಹೊಡೆಯುವಾಗ ಒಬ್ಬ ಅಜ್ಜಿ ದೇವರ ಕೋಣೆಗೆ ಬಿಡಲಿಲ್ಲ. ನನ್ನ ಕೈಕೆಳಗಿನವರು ಕಾಯದೆಯ ಮಾತು ತೆಗೆದರು. ನಾನು ಅವರನ್ನು ಹೊರಗೆ ಕಳಿಸಿ ಅಜ್ಜಿಯ ಜೊತೆ ಕಟ್ಟೆಯ ಮೇಲೆ ಕುಳಿತೆ. ಮಾತಾಡುತ್ತ ತಿಳಿಯಿತು, ಅವಳ ಹೆದರಿಕೆ ದೇವರದ್ದಲ್ಲ, ಆ ಕೋಣೆಯಲ್ಲಿ ಹೊಸದಾಗಿ ಹೆತ್ತ ಮೊಮ್ಮಗಳು ಮಲಗಿದ್ದಳು. ಬಾಣಂತಿಯನ್ನು ಪಕ್ಕದ ಮನೆಗೆ ಸಾಗಿಸಿ ಕೆಲಸ ಮುಗಿಸಿದೆವು. ಮೊದಲು ಹೆದರಿಕೆ ಏನೆಂದು ಕೇಳುವುದನ್ನು ನಾನು ಕಲಿತದ್ದು ಗುರುಪಾದಯ್ಯನವರಿಂದ.

ಅರವತ್ತರ ದಶಕದ ಕೊನೆಯ ಕಡೆ ಸಿಡುಬಿನ ಲಸಿಕೆಯ ಕೆಲಸದ ಮೇಲೆ ಮತ್ತೆ ಆ ಪೇಟೆಗೆ ಹೋದೆ. ಶೆಡ್ಡು ಇರಲಿಲ್ಲ. ಅಲ್ಲಿ ನದಾಫರ ಓಣಿ ಎದ್ದಿತ್ತು. ಕಲ್ಲಿನ ಮನೆಗಳು, ಒಂದು ನಲ್ಲಿ, ಗಾದಿಯ ಅಂಗಡಿಗಳು. ಹಸನಬಿಯ ಕೂದಲು ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಿ ಚಹಾ ಕೊಟ್ಟಳು. ಚಹಾ ಕುಡಿಯುವಷ್ಟರಲ್ಲಿ ಓಣಿಯ ನಾಲ್ಕಾರು ಗಂಡಸರು ಸೇರಿದರು. ಒಂದು ತಕರಾರು ಇತ್ತು. ಕೃಷ್ಣಾ ಹೊಳೆಗೆ ಮಹಾಪೂರ ಬಂದು ಗುಡಿಸಲು ಕಳೆದುಕೊಂಡ ಬುಟ್ಟಿ ಹೆಣೆಯುವ ಮಂದಿ ಬಂದು ಓಣಿಯ ಹಿಂದೆ ಡೇರೆ ಹಾಕಿದ್ದಾರೆ. ಹೊಲಸು ಮಾಡುತ್ತಾರೆ, ನಲ್ಲಿಗೆ ಬರುತ್ತಾರೆ, ಏನಾದರೂ ಬೇನೆ ತರುತ್ತಾರೆ. ಸರಕಾರದವರು ನೀವು, ಅವರನ್ನು ಎಬ್ಬಿಸಿರಿ ಎಂದರು. ಹಸನಬಿ ಅವರ ಮಾತನ್ನು ತಡೆಯಲಿಲ್ಲ. ನೆಲ ನೋಡುತ್ತ ಕುಳಿತಿದ್ದಳು.

ನನಗೆ ಸಿಟ್ಟು ಬಂತು. ಚಹಾ ಅರ್ಧಕ್ಕೆ ಬಿಟ್ಟು ಗುರುಪಾದಯ್ಯನವರ ಮನೆಗೆ ಹೋದೆ. ಅವರಿಗೆ ವಯಸ್ಸಾಗಿತ್ತು, ಕೋಲು ಹಿಡಿದಿದ್ದರು. ನಡೆದದ್ದನ್ನೆಲ್ಲ ಹೇಳಿ, ನೀವು ಯಾರಿಗಾಗಿ ಅಷ್ಟು ಮಾಡಿದಿರೋ ಅವರೇ ಇಂದು ಹೀಗೆ ಮಾತಾಡುತ್ತಾರೆ ಎಂದೆ. ಅವರು ಬೇಸರ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಹೊಟ್ಟೆ ಹಿಡಿದು ನಕ್ಕರು.

"ಹಂಗಾರ ಅವರು ಪೂರಾ ಊರವರಾದರು ಅಂದಂಗಾತು" ಎಂದರು. "ಛಲೋ ಆತಲ್ಲ ತಮ್ಮಾ. ಇಷ್ಟ ದಿನ ಹೊರಗಿನವರು ಅನಕೋತಿದ್ರು, ಈಗ ಬ್ಯಾರೆಯವರಿಗೆ ಹೊರಗಿನವರು ಅಂತಾರ."

ಇದರಲ್ಲಿ ಛಲೋ ಏನಿದೆ ಎಂದು ಕೇಳಿದೆ.

ಅವರು ಕೋಲು ಊರಿ ಎದ್ದರು. ಗೂಟದಲ್ಲಿದ್ದ ಶಲ್ಯ ತೆಗೆದು ಹೊದ್ದುಕೊಂಡರು. "ನಡೀರಿ. ಆ ಮಾತು ಮತ್ತ ಮೊದಲಿಂದ ಹೇಳೂನು. ದಾರ್ಯಾಗ ಮಲಕಾಜಪ್ಪ ಸಾವಕಾರ್ರನ್ನೂ ಕರಕೊಂಡ ಹೋಗೂನು. ಅವರಿಗೆ ಇದರ ಎರಡೂ ಮಗ್ಗಲ ಗೊತ್ತೈತಿ, ನನಗಿಂತ ಛಂದ ಹೇಳತಾರ."

ಸಾವಕಾರರು ಅಂಗಡಿಯ ಗಾದಿಯ ಮೇಲೆ ಕುಳಿತಿದ್ದರು. ಅಯ್ಯನವರು ಹೇಳಿದ್ದನ್ನು ಕೇಳಿ, ಚಪ್ಪಲಿ ಮೆಟ್ಟಿಕೊಂಡು ನಮ್ಮ ಮುಂದೆ ನಡೆದರು.